ರಾಷ್ಟ್ರಪ್ರಜ್ಞೆಯ ಉದಯ: ಅಮೆರಿಕದ 1812ರ ಯುದ್ಧ

ನಮ್ಮ ವಿದ್ಯಾರ್ಥಿದೆಸೆಯಲ್ಲಿ ಇತಿಹಾಸವನ್ನು ಬೋಧಿಸುತ್ತಿದ್ದ ಅಧ್ಯಾಪಕರೊಬ್ಬರು ಒಮ್ಮೆ ತರಗತಿಯಲ್ಲಿ ಒಂದು ಪ್ರಶ್ನೆಯನ್ನು ಕೇಳಿದರು: “ಒಂದು ದೇಶ ಸ್ವತಂತ್ರವಾಗುವುದಕ್ಕೆ ಒಂದು ದಿನ ಸಾಕು, ಅದು ರಾಷ್ಟ್ರವಾಗುವುದಕ್ಕೆ ಎಷ್ಟು ದಿನ ಬೇಕು?” ನಮ್ಮಲ್ಲಿ ಯಾರೂ ಉತ್ತರಿಸಲಿಲ್ಲ. ಅವರೂ ಉತ್ತರವನ್ನು ಹೇಳದೆ ಪಾಠವನ್ನು ಮುಂದುವರಿಸಿದರು. ಆ ದಿನ ಅವರು ಹೇಳುತ್ತಿದ್ದ ಪಾಠ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಇತಿಹಾಸ. ಆ ಪ್ರಶ್ನೆಗೂ ಆ ಪಾಠಕ್ಕೂ ಇರುವ ಸಂಬಂಧ ನಮಗೆ ಅರಿವಾದುದು ಬಹುಕಾಲದ ಮೇಲೆ. ಅದನ್ನೇ ಈ ಲೇಖನದಲ್ಲಿ ವಾಚಕರ ಮುಂದಿಡಲು ಬಯಸುತ್ತೇವೆ.

ರಾಜ್ಯ ಬೇರೆ, ರಾಷ್ಟ್ರ ಬೇರೆ. ರಾಜ್ಯವು ಕಾನೂನಿನಿಂದ, ಒಪ್ಪಂದಗಳಿಂದ, ಗಡಿರೇಖೆಗಳಿಂದ ನಿರ್ಮಾಣವಾಗುತ್ತದೆ. ರಾಷ್ಟ್ರವಾದರೋ ಜನರ ಅಂತರಂಗದಲ್ಲಿ ನಿರ್ಮಾಣವಾಗತಕ್ಕದ್ದು. ಒಟ್ಟಿಗೆ ಅನುಭವಿಸಿದ ಸುಖದುಃಖಗಳ ನೆನಪು, ಅದರಿಂದ ಹುಟ್ಟಿದ ಹಾಡು, ಆ ಹಾಡು ಕೇಳಿದಾಗ ತಾನಾಗಿ ಎದ್ದು ನಿಲ್ಲುವ ಗೌರವ ಇವೆಲ್ಲ ಸೇರಿ “ನಾವು” ಎಂಬ ಭಾವ ಮೂಡಿದಾಗಲೇ ರಾಷ್ಟ್ರವೆಂಬುದು ಜನಿಸುತ್ತದೆ. ಅಮೆರಿಕ 1776ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿತು. 1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಅದನ್ನು ಮಾನ್ಯ ಮಾಡಿತು. 1789ರಲ್ಲಿ ಹೊಸ ಸಂವಿಧಾನ ಜಾರಿಗೆ ಬಂದಿತು. ಆದರೂ ಆ ಕಾಲದ ವರ್ಜೀನಿಯದವನು “ನನ್ನ ದೇಶ” ಎಂದಾಗ ಅವನ ಮನಸ್ಸಿನಲ್ಲಿದ್ದುದು ಬಹುಮಟ್ಟಿಗೆ ವರ್ಜೀನಿಯವೇ. ಮ್ಯಾಸಚೂಸೆಟ್ಸಿನವನ ಸ್ಥಿತಿಯೂ ಅದೇ. ಇದ್ದ ಎರಡು ಪಕ್ಷಗಳಲ್ಲಿ ಫೆಡರಲಿಸ್ಟರ ಒಲವು ಇಂಗ್ಲೆಂಡಿನ ಕಡೆಗೆ, ರಿಪಬ್ಲಿಕನ್ನರ ಒಲವು ಫ್ರಾನ್ಸಿನ ಕಡೆಗೆ. ಸ್ವತಂತ್ರರಾಗಿದ್ದರೂ ಅವರ ದೃಷ್ಟಿ ಇನ್ನೂ ಸಾಗರದಾಚೆಗೇ ನೆಟ್ಟಿತ್ತು.

ಇಂಥ ಸ್ಥಿತಿಯಲ್ಲಿ ಯೂರೋಪಿನಲ್ಲಿ ನೆಪೋಲಿಯನ್ನನಿಗೂ ಬ್ರಿಟನ್ನಿಗೂ ಘೋರ ಸಂಗ್ರಾಮ ನಡೆಯುತ್ತಿತ್ತು. ಪರಸ್ಪರರ ವ್ಯಾಪಾರವನ್ನು ಮುರಿಯಲು ಎರಡು ಪಕ್ಷಗಳೂ ತಟಸ್ಥ ದೇಶಗಳ ಹಡಗುಗಳ ಮೇಲೆ ನಿರ್ಬಂಧಗಳನ್ನು ವಿಧಿಸಿದವು. ಇದಕ್ಕಿಂತಲೂ ಅಮೆರಿಕನ್ನರನ್ನು ನೋಯಿಸಿದುದು ಬ್ರಿಟಿಷ್ ನೌಕಾಪಡೆಯ ಇನ್ನೊಂದು ರೂಢಿ. ನಡುಗಡಲಿನಲ್ಲಿ ಅಮೆರಿಕದ ಹಡಗುಗಳನ್ನು ತಡೆದು, ಅದರಲ್ಲಿದ್ದ ನಾವಿಕರನ್ನು ಬ್ರಿಟಿಷ್ ಪ್ರಜೆಗಳೆಂದು ಹೇಳಿ ಬಲಾತ್ಕಾರವಾಗಿ ತಮ್ಮ ಸೇವೆಗೆ ಎಳೆದೊಯ್ಯುತ್ತಿದ್ದರು. ಹೀಗೆ ಒಯ್ದವರ ಸಂಖ್ಯೆ 6,000ಕ್ಕೂ ಹೆಚ್ಚು ಎಂದು ಅಮೆರಿಕದ ಸರ್ಕಾರ ಆಗ ಲೆಕ್ಕ ಹಾಕಿತ್ತು. 1807ರ ಜೂನ್ ತಿಂಗಳಿನಲ್ಲಿ ಬ್ರಿಟಿಷ್ ಯುದ್ಧನೌಕೆ ‘ಲೆಪರ್ಡ್’, ಅಮೆರಿಕದ ಯುದ್ಧನೌಕೆ ‘ಚೆಸಪೀಕ್’ನ ಮೇಲೆಯೇ ಗುಂಡು ಹಾರಿಸಿ ನಾಲ್ವರನ್ನು ಸೆರೆಹಿಡಿದು ಒಯ್ದಿತು. ಅಮೆರಿಕದ ಪ್ರಜೆ ಎಂಬ ಮಾತಿಗೆ ಸಮುದ್ರದ ಮೇಲೆ ಬೆಲೆಯಿಲ್ಲವೆಂದಾದರೆ ಸ್ವಾತಂತ್ರ್ಯಕ್ಕೆ ಅರ್ಥವೇನು ಎಂಬ ಪ್ರಶ್ನೆ ಎದ್ದಿತು.

ಆದರೆ ಮಾನದ ಪ್ರಶ್ನೆಯ ಜೊತೆಗೆ ಮಣ್ಣಿನ ಆಸೆಯೂ ಬೆರೆತಿತ್ತು ಎಂಬುದನ್ನು ಮರೆಮಾಚಲಾಗದು. ಪಶ್ಚಿಮದ ಕಡೆಗೆ ವಿಸ್ತರಿಸುತ್ತಿದ್ದ ವಲಸೆಗಾರರಿಗೆ ಅಲ್ಲಿಯ ಮೂಲನಿವಾಸಿಗಳು ಅಡ್ಡಿಯಾಗಿ ಕಂಡರು. ಶಾನಿ ಜನಾಂಗದ ನಾಯಕ ಟೆಕಮ್ಸೆ ಹಲವು ಬುಡಕಟ್ಟುಗಳನ್ನು ಒಂದುಗೂಡಿಸಿ, ಭೂಮಿಯು ಎಲ್ಲರ ಸಮಾನ ಸೊತ್ತು, ಯಾವ ಒಂದು ಬುಡಕಟ್ಟೂ ಅದನ್ನು ಮಾರತಕ್ಕುದಲ್ಲ ಎಂದು ಸಾರುತ್ತಿದ್ದನು. ಅವನ ಬೆನ್ನ ಹಿಂದೆ ಬ್ರಿಟಿಷರಿದ್ದಾರೆಂಬುದು ವಲಸೆಗಾರರ ನಂಬಿಕೆ. ಹೆನ್ರಿ ಕ್ಲೇ, ಜಾನ್ ಕ್ಯಾಲ್‌ಹೂನ್ ಮೊದಲಾದ ತರುಣ ರಾಜಕಾರಣಿಗಳು ಯುದ್ಧವೇ ಆಗಲೆಂದು ಪಟ್ಟುಹಿಡಿದರು. ಕೆನಡವನ್ನು ಸುಲಭವಾಗಿ ಗೆಲ್ಲಬಹುದೆಂಬ ಎಣಿಕೆಯೂ ಹಲವರಲ್ಲಿತ್ತು.

1812ರ ಜೂನ್ 18ರಂದು ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಯುದ್ಧಘೋಷಣೆಗೆ ಸಹಿ ಹಾಕಿದನು. ಕೆಳಮನೆಯಲ್ಲಿ ಪರವಾಗಿ 79, ವಿರುದ್ಧವಾಗಿ 49; ಸೆನೆಟ್ಟಿನಲ್ಲಿ ಪರವಾಗಿ 19, ವಿರುದ್ಧವಾಗಿ 13 ಮತಗಳು ಬಂದಿದ್ದವು. ಫೆಡರಲಿಸ್ಟ್ ಪಕ್ಷದ ಒಬ್ಬ ಸದಸ್ಯನೂ ಯುದ್ಧದ ಪರವಾಗಿ ಮತ ನೀಡಲಿಲ್ಲ. ವಿಧಿಯ ವಿಡಂಬನೆಯನ್ನು ನೋಡಿ: ಯುದ್ಧದ ಮುಖ್ಯ ಕಾರಣಗಳಲ್ಲೊಂದಾದ ವ್ಯಾಪಾರ ನಿರ್ಬಂಧದ ಆಜ್ಞೆಗಳನ್ನು ಬ್ರಿಟನ್ ಅದೇ ತಿಂಗಳ 23ರಂದು ಹಿಂತೆಗೆದುಕೊಂಡಿತು. ಸುದ್ದಿಯು ಹಾಯಿಹಡಗಿನಲ್ಲಿ ಸಾಗರವನ್ನು ದಾಟಲು ವಾರಗಟ್ಟಲೆ ಹಿಡಿಯುತ್ತಿದ್ದ ಕಾಲವದು. ಸುದ್ದಿ ತಲುಪುವಷ್ಟರಲ್ಲಿ ರಕ್ತ ಹರಿಯತೊಡಗಿತ್ತು.

ಯುದ್ಧದ ಆರಂಭವು ಅಮೆರಿಕಕ್ಕೆ ಅಪಮಾನಕರವಾಗಿತ್ತು. 1810ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು 72 ಲಕ್ಷ. ಕೆನಡದ ಕಡೆಯ ಬ್ರಿಟಿಷ್ ಪ್ರಾಂತಗಳಲ್ಲಿದ್ದವರು ಐದು ಲಕ್ಷದಷ್ಟು ಮಾತ್ರ. ಆದರೂ ಆಗಸ್ಟ್ 16ರಂದು ಡೆಟ್ರಾಯಿಟ್ ಕೋಟೆಯನ್ನು ಅಮೆರಿಕದ ದಳಪತಿ ವಿಲಿಯಂ ಹಲ್ ಯುದ್ಧವಿಲ್ಲದೆಯೇ ಶತ್ರುವಿಗೆ ಒಪ್ಪಿಸಿದನು. ಅಕ್ಟೋಬರಿನಲ್ಲಿ ಕ್ವೀನ್‌ಸ್ಟನ್ ಎಂಬಲ್ಲಿ ನಯಾಗರ ನದಿಯನ್ನು ದಾಟಿದ ತಮ್ಮವರು ಆಚೆಯ ದಡದಲ್ಲಿ ಸೋಲುತ್ತಿರುವುದನ್ನು ಕಣ್ಣಾರೆ ಕಂಡರೂ, ನ್ಯೂಯಾರ್ಕಿನ ನಾಗರಿಕ ಪಡೆಯ ಬಹುಮಂದಿ ಗಡಿಯನ್ನು ದಾಟಿ ಹೋರಾಡಲು ನಿರಾಕರಿಸಿದರು. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಸಂಸ್ಥಾನಗಳ ಗವರ್ನರರು ತಮ್ಮ ಪಡೆಗಳನ್ನು ಕೇಂದ್ರ ಸರ್ಕಾರದ ವಶಕ್ಕೆ ಕೊಡಲು ಒಪ್ಪಲಿಲ್ಲ. ರಾಜ್ಯವಿದ್ದು ರಾಷ್ಟ್ರವಿಲ್ಲದ ಸ್ಥಿತಿ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಸಮುದ್ರದಲ್ಲಿ ಮಾತ್ರ ‘ಕಾನ್‌ಸ್ಟಿಟ್ಯೂಷನ್’ ಎಂಬ ಹಡಗು ಬ್ರಿಟಿಷರ ‘ಗೆರಿಯೇರ್’ ನೌಕೆಯನ್ನು ಸೋಲಿಸಿ ಜನರ ಮನಸ್ಸಿಗೆ ಸ್ವಲ್ಪ ಧೈರ್ಯವನ್ನು ತಂದಿತು.

1814ರ ಏಪ್ರಿಲಿನಲ್ಲಿ ನೆಪೋಲಿಯನ್ ಪದತ್ಯಾಗ ಮಾಡಿದನು. ಯೂರೋಪಿನಲ್ಲಿ ಬಿಡುವಾದ ಬ್ರಿಟಿಷ್ ಸೈನ್ಯ ಅಮೆರಿಕದತ್ತ ತಿರುಗಿತು. ಆಗಸ್ಟ್ 24ರಂದು ರಾಜಧಾನಿಯ ಸಮೀಪದ ಬ್ಲೇಡೆನ್ಸ್‌ಬರ್ಗಿನಲ್ಲಿ ಕಾಳಗ ನಡೆಯಿತು. ಬ್ರಿಟಿಷರು ಸೀಳಿ ಬರುವ ಅಗ್ನಿಬಾಣಗಳನ್ನು ಪ್ರಯೋಗಿಸಿದರು. ಅಂಥದನ್ನು ಹಿಂದೆಂದೂ ಕಾಣದಿದ್ದ ನಾಗರಿಕ ಪಡೆಯವರು ಕಂಗೆಟ್ಟು ಚೆಲ್ಲಾಪಿಲ್ಲಿಯಾದರು. ಕೊನೆಯವರೆಗೆ ಕದಲದೆ ನಿಂತು ಹೋರಾಡಿದವರು ಜೋಷುವಾ ಬಾರ್ನಿ ಎಂಬ ಹಿರಿಯ ನೌಕಾಧಿಕಾರಿಯ ಕೈಕೆಳಗಿನ ನಾವಿಕರು. ಬಾರ್ನಿ ಗಾಯಗೊಂಡು ಸೆರೆಯಾದನು. ಅದೇ ಸಂಜೆ ಬ್ರಿಟಿಷರು ವಾಷಿಂಗ್ಟನ್ನನ್ನು ಹೊಕ್ಕು ಅಧ್ಯಕ್ಷರ ನಿವಾಸಕ್ಕೂ ಶಾಸನಸಭೆಯ ಭವನಕ್ಕೂ ಬೆಂಕಿಯಿಟ್ಟರು. ಹಿಂದಿನ ವರ್ಷ ಅಮೆರಿಕನ್ನರು ಕೆನಡದ ಯಾರ್ಕ್ ನಗರದಲ್ಲಿ, ಎಂದರೆ ಇಂದಿನ ಟೊರಾಂಟೋದಲ್ಲಿ, ಸಾರ್ವಜನಿಕ ಭವನಗಳನ್ನು ಸುಟ್ಟಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು. ಶಾಸನಸಭೆಯೊಡನೆ ಅದರ ಗ್ರಂಥಭಂಡಾರವೂ ಭಸ್ಮವಾಯಿತು. ಮರುವರ್ಷ ಹಿಂದಿನ ಅಧ್ಯಕ್ಷ ಥಾಮಸ್ ಜೆಫರ್ಸನ್ ತಾನು ಬಾಳಿನುದ್ದಕ್ಕೂ ಕೂಡಿಸಿದ್ದ 6,487 ಗ್ರಂಥಗಳನ್ನು ದೇಶಕ್ಕೆ ಮಾರಿದನು. ಇಂದಿನ ಲೈಬ್ರರಿ ಆಫ್ ಕಾಂಗ್ರೆಸ್ ಆ ಬೂದಿಯಿಂದ ಮರಳಿ ಎದ್ದ ಸಂಸ್ಥೆ.

ಇನ್ನು ಬಾಲ್ಟಿಮೋರ್ ಬಂದರಿನ ಸರದಿ. ಅದನ್ನು ಕಾಯುತ್ತಿದ್ದುದು ಮ್ಯಾಕ್‌ಹೆನ್ರಿ ಕೋಟೆ. ಸೆಪ್ಟೆಂಬರ್ 13ರ ಮುಂಜಾನೆ ಮೊದಲ್ಗೊಂಡು ಸುಮಾರು 25 ಗಂಟೆಗಳ ಕಾಲ ಬ್ರಿಟಿಷ್ ನೌಕೆಗಳು ಕೋಟೆಯ ಮೇಲೆ ಸಿಡಿಗುಂಡುಗಳನ್ನೂ ಅಗ್ನಿಬಾಣಗಳನ್ನೂ ಸುರಿಸಿದವು. ಬ್ರಿಟಿಷರ ಸೆರೆಯಲ್ಲಿದ್ದ ವೈದ್ಯ ಮಿತ್ರನೊಬ್ಬನನ್ನು ಬಿಡಿಸಿಕೊಂಡು ಬರಲು ಹೋಗಿದ್ದ ಫ್ರಾನ್ಸಿಸ್ ಸ್ಕಾಟ್ ಕೀ ಎಂಬ ವಕೀಲನನ್ನು ಕದನ ಮುಗಿಯುವವರೆಗೆ ಹೋಗಗೊಡದೆ ಹಡಗಿನಲ್ಲಿಯೇ ಇರಿಸಲಾಗಿತ್ತು. ರಾತ್ರಿಯೆಲ್ಲ ಅವನು ದೂರದಿಂದ ಆ ಬೆಂಕಿಯನ್ನು ನೋಡುತ್ತ ಕಳೆದನು. 14ರ ಬೆಳಿಗ್ಗೆ ಕೋಟೆಯ ಮೇಲೆ ಹಾರುತ್ತಿದ್ದುದು ಯಾವ ಬಾವುಟ? ಅದು ಅಮೆರಿಕದ್ದೇ ಆಗಿತ್ತು. ಮೇರಿ ಪಿಕರ್ಸ್‌ಗಿಲ್ ಎಂಬ ವಿಧವೆ ತನ್ನ ಮನೆಯ ಹೆಣ್ಣುಮಕ್ಕಳೊಡನೆ ಹಿಂದಿನ ವರ್ಷ ಹೊಲಿದುಕೊಟ್ಟಿದ್ದ, 42 ಅಡಿ ಉದ್ದ 30 ಅಡಿ ಅಗಲದ, ಹದಿನೈದು ನಕ್ಷತ್ರಗಳ ಮಹಾಧ್ವಜವದು. ಆ ಕ್ಷಣದ ಭಾವದಲ್ಲಿ ಕೀ ಬರೆದ ಕವಿತೆ ಕರಪತ್ರವಾಗಿ, ಪತ್ರಿಕೆಗಳ ಮೂಲಕ ಊರೂರಿಗೂ ಹಬ್ಬಿತು. ಹಾಡಲು ಬಳಸಿದ ಮಟ್ಟು ಮಾತ್ರ ಇಂಗ್ಲೆಂಡಿನ ಒಂದು ಸಂಘದ್ದು! 1931ರ ಮಾರ್ಚ್ 3ರಂದು ಅದು ಅಧಿಕೃತವಾಗಿ ಅಮೆರಿಕದ ರಾಷ್ಟ್ರಗೀತೆಯಾಯಿತು.

ಆ ಗೀತೆಯಲ್ಲಿ ಅಗ್ನಿಬಾಣಗಳ ಕೆಂಪು ಬೆಳಕಿನ ಪ್ರಸ್ತಾಪವಿದೆ. ಕನ್ನಡನಾಡಿನವರಾದ ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಬಾಣಗಳಿಗೆ ಕಾಂಗ್ರೀವ್ ರಾಕೆಟ್ಟುಗಳೆಂದು ಹೆಸರು. ಲಂಡನ್ನಿನ ಬಳಿಯ ವುಲಿಚ್ ಶಸ್ತ್ರಾಗಾರದಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ರೂಪಿಸಿದನು. ಆದರೆ ಅವುಗಳ ಮೂಲ ಮೈಸೂರು ಸಂಸ್ಥಾನದಲ್ಲಿದೆ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದಲ್ಲಿ ಕಬ್ಬಿಣದ ಕೊಳವೆಯೊಳಗೆ ಮದ್ದು ತುಂಬಿ, ಬಿದಿರಿನ ಗಳುವಿಗೆ ಬಿಗಿದು ಹಾರಿಸುತ್ತಿದ್ದ ಬಾಣಗಳ ಪ್ರತ್ಯೇಕ ತುಕಡಿಗಳಿದ್ದವು. 1780ರಲ್ಲಿ ಪೊಲ್ಲಿಲೂರಿನ ಕದನದಲ್ಲಿ ಇಂಗ್ಲಿಷರು ಅವುಗಳ ಬಿಸಿಯನ್ನು ಅನುಭವಿಸಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಬಳಿಕ ಅಲ್ಲಿ ದೊರೆತ ಬಾಣಗಳು ಇಂಗ್ಲೆಂಡಿಗೆ ಸಾಗಿದವು. ಅವುಗಳ ಪ್ರೇರಣೆಯಿಂದಲೇ ಕಾಂಗ್ರೀವನ ಪ್ರಯೋಗಗಳು ನಡೆದವು. ಹೆಸರಿಲ್ಲದ ನಮ್ಮ ಕಮ್ಮಾರರ ಕೈಚಳಕ ಹದಿನೈದು ವರ್ಷಗಳಲ್ಲಿ ಎರಡು ಸಾಗರಗಳನ್ನು ದಾಟಿ ಬಾಲ್ಟಿಮೋರಿನ ಆಕಾಶವನ್ನು ಬೆಳಗಿಸಿತು.

ಇದರಲ್ಲಿ ಮತ್ತೊಂದು ಸೋಜಿಗವಿದೆ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ, ಬ್ರಿಟಿಷರನ್ನು ಎದುರಿಸುತ್ತಿದ್ದ ಹೈದರ್ ಅಲಿಯ ಕೀರ್ತಿ ಅಲ್ಲಿಗೂ ಮುಟ್ಟಿತ್ತು. ಪೆನ್ಸಿಲ್ವೇನಿಯ ಸಂಸ್ಥಾನವು ತನ್ನ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂದೇ ನಾಮಕರಣ ಮಾಡಿತ್ತು. ಆ ನೌಕೆ 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ನೌಕೆಯೊಂದನ್ನು ಸೆರೆಹಿಡಿಯಿತು. ಅದರ ನಾಯಕನಾಗಿದ್ದವನು ತರುಣ ಜೋಷುವಾ ಬಾರ್ನಿ! ಮೂವತ್ತೆರಡು ವರ್ಷಗಳ ಮೇಲೆ ಬ್ಲೇಡೆನ್ಸ್‌ಬರ್ಗಿನಲ್ಲಿ, ಹೈದರನ ಸೈನ್ಯದ ಬಾಣಗಳಿಂದ ಪ್ರೇರಣೆ ಪಡೆದು ಮಾಡಿದ ಬಾಣಗಳ ಎದುರಿನಲ್ಲಿ ಕದಲದೆ ನಿಂತವನೂ ಅದೇ ಬಾರ್ನಿ. ದೇಶಗಳ ಇತಿಹಾಸವನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಓದುತ್ತೇವೆ. ಆದರೆ ಕಾಲಪುರುಷನು ಅವನ್ನು ಬೇರೆಬೇರೆಯಾಗಿ ಬರೆದಿಲ್ಲ.

ಯುದ್ಧ ಕೊನೆಗೊಂಡ ಬಗೆಯನ್ನು ಈಗ ನೋಡೋಣ. 1814ರ ಡಿಸೆಂಬರ್ 24ರಂದು ಇಂದಿನ ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ಯುದ್ಧಕ್ಕೆ ಮೊದಲು ಯಾರದು ಯಾವುದಿತ್ತೋ ಅದು ಅವರದೇ ಎಂಬುದು ಅದರ ಸಾರ. ನಾವಿಕರನ್ನು ಬಲಾತ್ಕಾರವಾಗಿ ಒಯ್ಯುವ ವಿಷಯದಲ್ಲಿ ಒಂದು ಅಕ್ಷರವೂ ಅದರಲ್ಲಿಲ್ಲ. ಇದೇ ಸಮಯದಲ್ಲಿ ಈಶಾನ್ಯ ಸಂಸ್ಥಾನಗಳ 26 ಮಂದಿ ಪ್ರತಿನಿಧಿಗಳು ಹಾರ್ಟ್‌ಫರ್ಡಿನಲ್ಲಿ ಸೇರಿ ಕೇಂದ್ರದ ವಿರುದ್ಧ ತಮ್ಮ ಅಸಮಾಧಾನಗಳನ್ನು ಪಟ್ಟಿ ಮಾಡುತ್ತಿದ್ದರು. ಒಪ್ಪಂದದ ಸುದ್ದಿ ಇನ್ನೂ ತಲುಪಿರಲಿಲ್ಲ. 1815ರ ಜನವರಿ 8ರಂದು ನ್ಯೂ ಆರ್ಲಿಯನ್ಸಿನಲ್ಲಿ ಆಂಡ್ರೂ ಜಾಕ್ಸನ್ನನ ಸೈನ್ಯ ಬ್ರಿಟಿಷರನ್ನು ಸಂಪೂರ್ಣವಾಗಿ ಸೋಲಿಸಿತು. ಬ್ರಿಟಿಷರಲ್ಲಿ ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ 2,000ಕ್ಕೂ ಹೆಚ್ಚು. ಅವರ ಸೇನಾಪತಿ ಪ್ಯಾಕೆನ್‌ಹ್ಯಾಮನೂ ಮಡಿದನು. ಜಾಕ್ಸನ್ನನ ಪಡೆಯಲ್ಲಿ ಟೆನೆಸ್ಸಿಯ ರೈತರಿದ್ದರು, ನಗರದ ಫ್ರೆಂಚ್ ಮೂಲದವರಿದ್ದರು, ಸ್ವತಂತ್ರ ಕಪ್ಪುಜನರಿದ್ದರು, ಚೋಕ್ಟಾ ಬುಡಕಟ್ಟಿನ ಯೋಧರಿದ್ದರು, ಕಡಲುಗಳ್ಳರೂ ಇದ್ದರು.

ಗೆಲುವಿನ ಸುದ್ದಿಯೂ ಶಾಂತಿಯ ಸುದ್ದಿಯೂ ಕೆಲವೇ ದಿನಗಳ ಅಂತರದಲ್ಲಿ ವಾಷಿಂಗ್ಟನ್ನನ್ನು ಮುಟ್ಟಿದವು. ಜನರ ಮನಸ್ಸಿನಲ್ಲಿ ಇವೆರಡೂ ಒಂದಾದವು. ಡೆಟ್ರಾಯಿಟ್ ಮರೆತುಹೋಯಿತು, ರಾಜಧಾನಿ ಸುಟ್ಟ ನಾಚಿಕೆ ಮರೆಯಾಯಿತು. ಉಳಿದುದು ಬೆಳಗಿನ ಬಾವುಟ ಮತ್ತು ನ್ಯೂ ಆರ್ಲಿಯನ್ಸಿನ ಗೆಲುವು. ಹಾರ್ಟ್‌ಫರ್ಡಿನಲ್ಲಿ ಸೇರಿದ್ದವರು ದ್ರೋಹಿಗಳಂತೆ ಕಂಡರು. ಅವರ ಪಕ್ಷವೇ ಕ್ರಮೇಣ ಅಳಿಯಿತು. ಗೆಂಟ್ ಸಂಧಾನಕಾರರಲ್ಲಿ ಒಬ್ಬನಾಗಿದ್ದ ಆಲ್ಬರ್ಟ್ ಗ್ಯಾಲಟಿನ್, ಯುದ್ಧವು ಮಂಕಾಗಿದ್ದ ರಾಷ್ಟ್ರಭಾವವನ್ನು ಮರಳಿ ಜಾಗೃತಗೊಳಿಸಿತೆಂದೂ ಜನರು ಹಿಂದಿಗಿಂತ ಹೆಚ್ಚು ಅಮೆರಿಕನ್ನರಾಗಿದ್ದಾರೆಂದೂ 1816ರಲ್ಲಿ ಅಭಿಪ್ರಾಯಪಟ್ಟನು. ಅವನು ಹುಟ್ಟಿದುದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಎಂಬುದು ಗಮನಾರ್ಹ. 1816ರಲ್ಲಿ ರಾಷ್ಟ್ರೀಯ ಬ್ಯಾಂಕು ಮರಳಿ ಸ್ಥಾಪನೆಯಾಯಿತು, ದೇಶೀಯ ಕೈಗಾರಿಕೆಗಳ ರಕ್ಷಣೆಗೆ ಆಮದು ಸುಂಕ ಬಂದಿತು. ಗೆದ್ದುದಕ್ಕಿಂತಲೂ, ಒಟ್ಟಾಗಿ ನೆನೆಯಲು ಕಲಿತುದೇ ಆ ಯುದ್ಧದ ನಿಜವಾದ ಫಲ.

ನೆರೆಯ ಕೆನಡದಲ್ಲಿಯೂ ಇದೇ ಯುದ್ಧ ಇಂಥದೇ ಕಾರ್ಯವನ್ನು ಮಾಡಿತು. ಕ್ವೀನ್‌ಸ್ಟನ್ನಿನಲ್ಲಿ ಮಡಿದ ಸೇನಾಪತಿ ಐಸಾಕ್ ಬ್ರಾಕ್, ಶತ್ರುಗಳ ಸಂಚನ್ನು ತಿಳಿಸಲು ಕಾಡಿನ ದಾರಿಯಲ್ಲಿ ನಡೆದುಹೋದ ಲಾರಾ ಸೆಕಾರ್ಡ್, ಷಾಟೊಗೆಯಲ್ಲಿ ಆಕ್ರಮಣಕಾರರನ್ನು ತಡೆದ ಫ್ರೆಂಚ್ ಭಾಷಿಕರ ಪಡೆ ಇವರೆಲ್ಲ ಆ ನಾಡಿನ ಕಥಾನಾಯಕರಾದರು. “ನಾವು ಅಮೆರಿಕನ್ನರಲ್ಲ” ಎಂಬ ಭಾವ ಅಲ್ಲಿ ಗಟ್ಟಿಗೊಂಡಿತು. 1867ರಲ್ಲಿ ಕೆನಡ ಒಕ್ಕೂಟವಾದಾಗ ಈ ನೆನಪೂ ಅದರ ಅಡಿಪಾಯದಲ್ಲಿತ್ತು. ಒಂದೇ ಯುದ್ಧದಲ್ಲಿ ಎರಡು ಕಡೆಯವರೂ ತಾವೇ ಗೆದ್ದೆವೆಂದು ಇಂದಿಗೂ ನಂಬುತ್ತಾರೆ.

ಆದರೆ ಸೋತವರು ಯಾರೂ ಇಲ್ಲವೆ? ಇದ್ದಾರೆ. 1813ರ ಅಕ್ಟೋಬರ್ 5ರಂದು ಥೇಮ್ಸ್ ಎಂಬ ನದಿಯ ಬಳಿಯ ಕದನದಲ್ಲಿ ಟೆಕಮ್ಸೆ ಮಡಿದನು. ಅವನೊಡನೆ ಮೂಲನಿವಾಸಿಗಳ ಐಕ್ಯದ ಕನಸೂ ಮುರಿಯಿತು. 1814ರ ಮಾರ್ಚಿನಲ್ಲಿ ಹಾರ್ಸ್‌ಷೂ ಬೆಂಡಿನಲ್ಲಿ ಜಾಕ್ಸನ್ನನ ಸೈನ್ಯ 800ಕ್ಕೂ ಹೆಚ್ಚು ಕ್ರೀಕ್ ಜನರನ್ನು ಕೊಂದಿತು. ಬಳಿಕ ಅವರಿಂದ ಎರಡು ಕೋಟಿ ಎಕರೆಗೂ ಮಿಕ್ಕ ಭೂಮಿಯನ್ನು ಕಿತ್ತುಕೊಳ್ಳಲಾಯಿತು. ಅಮೆರಿಕದ ಪರವಾಗಿ ಹೋರಾಡಿದ್ದ ಕ್ರೀಕರ ಭೂಮಿಯೂ ಅದರಲ್ಲಿ ಸೇರಿತ್ತು. ಅದೇ ಕದನದಲ್ಲಿ ಜಾಕ್ಸನ್ನನ ಪಕ್ಕದಲ್ಲಿ ನಿಂತು ಕಾದಿದ ಚೆರೋಕೀ ಜನರ ಗತಿಯೇನಾಯಿತು? ಜಾಕ್ಸನ್ ಅಧ್ಯಕ್ಷನಾದ ಮೇಲೆ 1830ರಲ್ಲಿ ಸ್ಥಳಾಂತರದ ಕಾಯಿದೆ ಬಂದಿತು. 1838ರಲ್ಲಿ ಅವರನ್ನು ತಾಯ್ನೆಲದಿಂದ ಹೊರಡಿಸಲಾಯಿತು. ಸಾವಿರಾರು ಮಂದಿ ದಾರಿಯಲ್ಲಿ ಪ್ರಾಣಬಿಟ್ಟರು. ಗೆಂಟ್ ಒಪ್ಪಂದದ ಒಂಬತ್ತನೆಯ ವಿಧಿ ಮೂಲನಿವಾಸಿಗಳ ಹಕ್ಕುಗಳನ್ನು ಮರಳಿ ಕೊಡುವುದಾಗಿ ಹೇಳಿತ್ತು. ಅದು ಕಾಗದದಲ್ಲಿಯೇ ಉಳಿಯಿತು.

ಆ 72 ಲಕ್ಷ ಜನರಲ್ಲಿ ಸುಮಾರು 12 ಲಕ್ಷ ಮಂದಿ ಗುಲಾಮರಾಗಿದ್ದರು. ಬ್ರಿಟಿಷರ ಕಡೆಗೆ ಬಂದವರಿಗೆ ಬಿಡುಗಡೆಯೆಂದು ನೌಕಾಪತಿ ಕಾಕ್ರನ್ 1814ರಲ್ಲಿ ಸಾರಿದಾಗ ಸುಮಾರು 4,000 ಮಂದಿ ಓಡಿಬಂದು ಮುಕ್ತರಾದರು. ಅವರಲ್ಲಿ ಹಲವರು ನೋವಾ ಸ್ಕೋಷಿಯ, ಟ್ರಿನಿಡಾಡುಗಳಲ್ಲಿ ನೆಲೆಸಿದರು. ಸ್ವಾತಂತ್ರ್ಯದ ನಾಡೆಂದು ಹಾಡಿದ ಕೀ ಸ್ವತಃ ಗುಲಾಮರ ಒಡೆಯನಾಗಿದ್ದನು. ಆ ಮಹಾಧ್ವಜವನ್ನು ಹೊಲಿದ ಕೈಗಳಲ್ಲಿ ಗ್ರೇಸ್ ವಿಷರ್ ಎಂಬ ಕರಾರಿಗೆ ಒಳಪಟ್ಟ ಕಪ್ಪು ಬಾಲೆಯ ಕೈಗಳೂ ಇದ್ದವು. ಅವಳ ಹೆಸರು ಬಹುಕಾಲ ಯಾವ ಪಾಠದಲ್ಲಿಯೂ ಬರಲಿಲ್ಲ. ಧ್ವಜ ಇಂದು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ.

ಇದನ್ನೆಲ್ಲ ಹೇಳುವುದು ಅನ್ಯದೇಶವನ್ನು ನಿಂದಿಸುವುದಕ್ಕಲ್ಲ. ಯುದ್ಧವು ಜನರನ್ನು ಬಹುಬೇಗ ಒಂದುಗೂಡಿಸುತ್ತದೆ; ಆದರೆ ಅದು ಕಟ್ಟುವ “ನಾವು” ಎಂಬ ಮನೆಗೆ ಬಾಗಿಲು ಕಿರಿದು. ಜೊತೆಯಲ್ಲಿ ಹೋರಾಡಿದವರೂ ಎಷ್ಟೋ ವೇಳೆ ಹೊರಗುಳಿಯುತ್ತಾರೆ. ಆ ಬಾಗಿಲನ್ನು ಅಗಲಗೊಳಿಸುವುದು ಶಾಂತಿಕಾಲದ ಕೆಲಸ. ಅದಕ್ಕೆ ಬೇಕಾದುದು ಶೌರ್ಯವಲ್ಲ, ಪ್ರಾಮಾಣಿಕವಾದ ಸ್ಮರಣೆ. ಗುಲಾಮಗಿರಿಯನ್ನು ತೊಡೆಯಲು ಅಮೆರಿಕಕ್ಕೆ ಮತ್ತೊಂದು ಭೀಕರ ಅಂತರ್ಯುದ್ಧವೇ ಬೇಕಾಯಿತೆಂಬುದು ಈ ಸ್ಮರಣೆಯನ್ನು ಮುಂದೂಡಿದುದಕ್ಕೆ ತೆತ್ತ ಬೆಲೆ.

ಸ್ಮರಣೆಯ ವಿಷಯದಲ್ಲಿ ನಾವೂ ನಿರ್ದೋಷಿಗಳಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರಕ್ಕೆ ತರಬೇತಿಗೆ ಹೋಗಿದ್ದ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಅಲ್ಲಿಯ ಗೋಡೆಯ ಮೇಲೆ ಮೈಸೂರು ಸೈನಿಕರು ಬಾಣ ಪ್ರಯೋಗಿಸುವ ಚಿತ್ರವನ್ನು ಕಂಡು ಬೆರಗಾದರು. ನಮ್ಮವರು ಮರೆತುದನ್ನು ಅಲ್ಲಿಯವರು ನೆನೆದಿದ್ದರೆಂಬ ಭಾವ ಅವರಲ್ಲಿ ಮೂಡಿತು. ಕೆಳದಿಯ ಅರಸರ ರಾಜಧಾನಿಯಾಗಿ ಮೆರೆದ, 1763ರಲ್ಲಿ ಹೈದರನ ವಶವಾದ ಬಿದನೂರು ಇಂದು ನಗರ ಎಂಬ ಸಣ್ಣ ಊರು. ಅಲ್ಲಿಯ ಒಂದು ಪಾಳುಬಾವಿಯಲ್ಲಿ 2018ರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ದೊರೆತವು. ಎರಡು ಶತಮಾನಗಳಿಗೂ ಮಿಕ್ಕಿ ಅವು ಕೆಸರಿನಲ್ಲಿ ಹೂತುಹೋಗಿದ್ದವು.

ನಮ್ಮ ಅಧ್ಯಾಪಕರ ಪ್ರಶ್ನೆಗೆ ಈಗ ನಮಗೆ ತೋರುವ ಉತ್ತರವಿಷ್ಟು. ರಾಷ್ಟ್ರವಾಗುವ ಕಾರ್ಯ ಒಂದು ಯುದ್ಧದಿಂದ ಆರಂಭವಾಗಬಹುದು, ಅದರಿಂದಲೇ ಮುಗಿಯುವುದಿಲ್ಲ. ಹೊರಗುಳಿದವರ ಹೆಸರನ್ನು ಒಂದೊಂದಾಗಿ ಒಳಗೆ ಕರೆದುಕೊಳ್ಳುವವರೆಗೂ ಅದು ನಡೆಯುತ್ತಲೇ ಇರಬೇಕು. ವಾಚಕರು ಮಲೆನಾಡಿನ ಕಡೆಗೆ ಹೋದಾಗ ನಗರದ ಕೋಟೆಯನ್ನು ಮಕ್ಕಳಿಗೆ ತೋರಿಸಲಿ. ಬಾಲ್ಟಿಮೋರಿನ ಆ ರಾತ್ರಿಯ ಕಥೆಯನ್ನೂ, ಬಾವುಟ ಹೊಲಿದ ಬಾಲೆಯ ಕಥೆಯನ್ನೂ, ಬಾಣ ಮಾಡಿದ ಕಮ್ಮಾರನ ಕಥೆಯನ್ನೂ ಅಲ್ಲಿಯೇ ಕುಳಿತು ಹೇಳಲಿ.